ಟೆರೇನ್ ಎಲ್‌ಓಡಿ: ಬಿರುಕು ಮುಚ್ಚಿದ ಮೇಲೂ ಬೆಟ್ಟ ಮಿಟುಕುತ್ತಿತ್ತು

3ಡಿ ಬೆಟ್ಟಗುಡ್ಡದ ನೆಲವನ್ನು (ಟೆರೇನ್) ನಾನೇ ಬರೆಯಲು ಹೊರಟೆ: ನೆಲವನ್ನು ನಾಲ್ಕು ನಾಲ್ಕು ತುಂಡು ಮಾಡುತ್ತಾ ಹೋಗುವ ಕ್ವಾಡ್‌ಟ್ರೀ, ಹತ್ತಿರದ ತುಂಡು ನುಣ್ಣಗೆ, ದೂರದ್ದು ಒರಟಾಗಿ ತೋರಿಸುವ ಎಲ್‌ಓಡಿ. "ಕ್ವಾಡ್‌ಟ್ರೀ ಎಲ್ಲಾ ಹಳೇದು ಮಾರಾಯ, ಇಂಜಿನ್ ಜೊತೆ ಬರೋ ಟೆರೇನ್ ಹಾಕ್ಕೋ" ಅಂತ ಎಲ್ಲರೂ ಹೇಳಿದ್ದರು. ನಾನು ಕೇಳಲಿಲ್ಲ. ಈಗ 4097 × 4097 ಹೈಟ್‌ಮ್ಯಾಪ್ (ಪ್ರತಿ ಬಿಂದುವಿನ ಎತ್ತರ ಹೇಳುವ ಚಿತ್ರ) ನನ್ನ ಹಳೇ ಲ್ಯಾಪ್‌ಟಾಪಿನಲ್ಲೇ 60 ಎಫ್‌ಪಿಎಸ್‌ನಲ್ಲಿ ಓಡುತ್ತಿದೆ. ಒಂದು ಫ್ರೇಮಿನಲ್ಲಿ ಟೆರೇನ್‌ಗೆ ಹಿಡಿಯುವುದು ಹೆಚ್ಚುಕಡಿಮೆ 3 ಮಿಲಿಸೆಕೆಂಡು. ಪೂರ್ತಿ ಮೆಶ್ (ತ್ರಿಕೋನಗಳ ಬಲೆ) ಆಗಿದ್ದರೆ 3.36 ಕೋಟಿ ತ್ರಿಕೋನ, ಈಗ 5 ಲಕ್ಷದ ಆಸುಪಾಸು.

ಮೊದಲು ರೋಮ್ (ROAM) ಬರೆದೆ. 1997ರ ಪದ್ಧತಿ, ಓದುವುದಕ್ಕೆ ಚೆಂದ. ಆದರೆ ತ್ರಿಕೋನ ಒಡೆಯುವ, ಕೂಡಿಸುವ ಕೆಲಸವೆಲ್ಲ ಸಿಪಿಯು ತಲೆಗೇ ಬಿತ್ತು, ಜಿಪಿಯು ಸುಮ್ನೆ ಕೂತಿತ್ತು. ಎರಡು ತಿಂಗಳು ಹೋಯಿತು. ಆಮೇಲೆ ಒಂದು ರೆಡಿಮೇಡ್ ಪ್ಲಗಿನ್ ಕೊಂಡೆ, ಅರ್ಧ ತಿಂಗಳ ಸಂಬಳ ಅದಕ್ಕೇ ಸುರಿದೆ. ಬೆಟ್ಟದ ಏಣಿನ ಮೇಲೆ ಕ್ಯಾಮೆರಾ ಸರಿದರೆ ಸಾಕು, ಕಂದು ನೆಲದ ನಡುವೆ ಆಕಾಶದ ನೀಲಿ ಚುಕ್ಕೆಗಳು ಮಿಣಮಿಣ ಅನ್ನುತ್ತಿದ್ದವು. ಅದೇ ಟಿ-ಜಂಕ್ಷನ್ ಬಿರುಕು: ನುಣ್ಣನೆಯ ತುಂಡಿನ ಅಂಚಿನ ಬಿಂದುವಿಗೆ ಪಕ್ಕದ ಒರಟು ತುಂಡಿನಲ್ಲಿ ಜೋಡಿ ಇಲ್ಲದೆ ಬಿಡುವ ಸಂದು. ಪ್ಲಗಿನ್ ಮಾರಿದವರು ಸೋರ್ಸ್ ಕೊಡಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಸಿಡಿಎಲ್‌ಓಡಿ ದಾರಿ ಹಿಡಿದೆ, ಕ್ವಾಡ್‌ಟ್ರೀ ಮೇಲೆಯೇ ಕಟ್ಟಿದ, ಹಂತದಿಂದ ಹಂತಕ್ಕೆ ನಿಧಾನವಾಗಿ ಜಾರುವ ಪದ್ಧತಿ. 33 × 33 ವರ್ಟೆಕ್ಸ್‌ಗಳ (ತ್ರಿಕೋನದ ಮೂಲೆಗಳ) ಒಂದೇ ಗ್ರಿಡ್, ಅದನ್ನೇ ಬೇಕಾದಷ್ಟು ಸಲ ಬಿಡಿಸುವ ಇನ್‌ಸ್ಟಾನ್ಸಿಂಗ್, ಎತ್ತರ ಓದುವುದು ವರ್ಟೆಕ್ಸ್ ಶೇಡರ್‌ನಲ್ಲಿ, ಅಂದರೆ ಪ್ರತಿ ವರ್ಟೆಕ್ಸ್‌ಗೂ ಜಿಪಿಯುನಲ್ಲಿ ಓಡುವ ಕೋಡಿನಲ್ಲಿ. ದೂರ ಹೋದಂತೆ ಬೆಸ ವರ್ಟೆಕ್ಸ್‌ಗಳು ಪಕ್ಕದ ಸಮ ವರ್ಟೆಕ್ಸ್ ಕಡೆ ಜಾರುತ್ತವೆ, ಆ ಹಂತ ಮುಗಿಯುವ ಹೊತ್ತಿಗೆ ಮೆಶ್ ಮುಂದಿನ ಒರಟು ಹಂತದ ಹಾಗೇ ಆಗಿರುತ್ತದೆ. ನಾನು ಎಡವಿದ್ದು ಎರಡು ಕಡೆ. ಮಾರ್ಫ್ ಪ್ರಮಾಣವನ್ನು (ಎಷ್ಟು ಜಾರಬೇಕು ಅನ್ನುವುದನ್ನು) ನೋಡ್‌ಗೆ, ಅಂದರೆ ಕ್ವಾಡ್‌ಟ್ರೀಯ ಒಂದು ತುಂಡಿಗೆ, ಒಂದರಂತೆ ಲೆಕ್ಕ ಹಾಕಿದ್ದೆ, ಅಕ್ಕಪಕ್ಕದ ನೋಡ್‌ಗಳ ಅಂಚು ಕೂಡಲೇ ಇಲ್ಲ. ವರ್ಟೆಕ್ಸ್‌ಗೆ ಒಂದರಂತೆ ಮಾಡಿದೆ, ಕೂಡಿತು. ಆದರೆ ಕ್ಯಾಮೆರಾ ಮೇಲಕ್ಕೆ ಹಾರಿದಾಗ ಮತ್ತೆ ಬಿರುಕು! ನೋಡ್ ಆರಿಸುವಾಗ ಎತ್ತರ ಸೇರಿಸಿ ದೂರ ಅಳೆಯುತ್ತಿದ್ದೆ, ಶೇಡರ್‌ನಲ್ಲಿ ಮಾತ್ರ ನೆಲದ ಮೇಲಿನ ದೂರ. ಇದನ್ನು ಹಿಡಿಯುವುದಕ್ಕೆ ಮೂರು ವಾರ ಬೇಕಾಯಿತು.

ಬಿರುಕು ಹೋಯಿತು, ಪಾಪಿಂಗ್ ಹೋಗಲಿಲ್ಲ. ಹಂತ ಬದಲಾದಾಗೆಲ್ಲ ಇಳಿಜಾರು ಒಮ್ಮೆ ಮಿಟುಕುತ್ತಿತ್ತು. ವೈರ್‌ಫ್ರೇಮ್ (ಬರೀ ಗೆರೆಗಳ ಚಿತ್ರ) ಹಾಕಿ ನೋಡಿದರೆ ಮೆಶ್ ಬೆಣ್ಣೆಯ ಹಾಗೆ ಜಾರುತ್ತಿದೆ! ಹಾರುತ್ತಿದ್ದದ್ದು ಮೆಶ್ ಅಲ್ಲ, ಬೆಳಕು. ನಾರ್ಮಲ್‌ಗಳನ್ನು (ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಅಂತ ಬೆಳಕಿನ ಲೆಕ್ಕಕ್ಕೆ ಹೇಳುವ ದಿಕ್ಕುಗಳನ್ನು) ಆಯಾ ಹಂತದ ಮೆಶ್‌ನಿಂದಲೇ ತೆಗೆಯುತ್ತಿದ್ದೆ. ಪೂರ್ತಿ ರೆಸಲ್ಯೂಶನ್‌ನ ನಾರ್ಮಲ್ ಮ್ಯಾಪ್ ಮಾಡಿ ಪಿಕ್ಸೆಲ್ ಶೇಡರ್‌ನಲ್ಲಿ ಓದಿಸಿದೆ. ನಿಂತೇ ಹೋಯಿತು. ಒರಟು ಮೆಶ್ ಕೂಡ ನುಣ್ಣಗೆ ಕಾಣತೊಡಗಿತು, ಹಾಗಾಗಿ ಹಂತ ಬದಲಾಗುವ ದೂರಗಳನ್ನು (ರೇಂಜ್) ಇನ್ನೂ ಹತ್ತಿರಕ್ಕೆ ಎಳೆದೆ, ತ್ರಿಕೋನಗಳು ಮೂರನೇ ಒಂದು ಭಾಗದಷ್ಟು ಇಳಿದವು.

ನಡುವೆ ಮೆಮೊರಿ ಉಳಿಸೋಣ ಅಂತ 8 ಬಿಟ್ ಹೈಟ್‌ಮ್ಯಾಪ್‌ನಲ್ಲೂ ನೋಡಿದೆ. 1,000 ಮೀಟರ್ ಎತ್ತರ 256 ಪಾಲಾದರೆ ಒಂದೊಂದು ಸುಮಾರು 4 ಮೀಟರ್, ಬೆಟ್ಟವೆಲ್ಲ ಮೆಟ್ಟಿಲು ಮೆಟ್ಟಿಲು. 16 ಬಿಟ್‌ನಲ್ಲಿ ಅದು ಒಂದೂವರೆ ಸೆಂಟಿಮೀಟರ್, ಜಾಗ ಹಿಡಿಯುವುದೂ 32 ಎಂಬಿ ಅಷ್ಟೇ.

ಮೊದಲು ಬೇಡ ಅಂದಿದ್ದ ಗೆಳೆಯನೇ ಹೋದ ವಾರ ಅರ್ಧ ಗಂಟೆ ಮೌಸ್ ಹಿಡಿದು ಬಿರುಕು ಹುಡುಕಿದ. ಸಿಗಲಿಲ್ಲ, ಕೋಡ್ ಕೇಳಿದ. ಕೊಟ್ಟೆ. ಮಾರ್ಫ್ ಎಲ್ಲಿಂದ ಶುರುವಾಗಬೇಕು ಅನ್ನುವ ಸಂಖ್ಯೆ, ಮತ್ತೆ ದೂರದ ನೋಡ್‌ಗಳನ್ನು ನಾನು ವಿಂಗಡಿಸುವ ರೀತಿ, ಇವೆರಡು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇವೆ.