ಪುಂಡಿ ಬೀಜದಿಂದ ಹಗ್ಗದ ತನಕ: ನಮ್ಮ ಓಣಿಯ ಐತವಾರದ ತೋಟ

ಮೊದಲನೇ ಮಾತು, ಹುಡುಗ್ರ ಜೋಡಿ ತೋಟ ಮಾಡೋದಿದ್ರ ಏಪ್ರಿಲ್‌ನಾಗ ಶುರು ಮಾಡಬ್ಯಾಡ್ರಿ. ಸಾಲಿ ಸೂಟಿ ಇರತೈತಿ, ಹುಡುಗ್ರು ಮನ್ಯಾಗ ಇರ್ತಾರ ಅಂತ ನಾನು ಹಂಗ ಮಾಡಿದ್ದೆ, ನರ್ಸರಿಯಿಂದ ಟೊಮ್ಯಾಟೊ, ಮೆಣಸಿನಕಾಯಿ ಸಸಿ, ಕಲರ್ ಕಲರ್ ಪಾಟ್ ಎಲ್ಲಾ ತಂದು ನಮ್ಮ ಮಾಳಗಿ ಮ್ಯಾಲ ಇಟ್ವಿ. ಕೊಪ್ಪಳದ ಬಿಸಲು ನಿಮಗ ಗೊತ್ತೇ ಐತಿ, 40 ಡಿಗ್ರಿ ದಾಟತೈತಿ, ಸಿಮೆಂಟ್ ಮ್ಯಾಲ ಬರಿಗಾಲು ಇಡಾಕ ಆಗಂಗಿಲ್ಲ. ಎಂಟು ದಿನದಾಗ ಎಲ್ಲಾ ಒಣಗಿ ಹೋದ್ವು. ಟ್ಯೂಷನ್‌ಗೆ ಬರೋ ಒಂದು ಸಣ್ಣ ಹುಡುಗಿ ತನ್ನ ಹೆಸರು ಬರದಿದ್ದ ಪಾಟ್ ಹಿಡ್ಕೊಂಡು "ಟೀಚರ್, ನಾ ದಿನಾ ನೀರು ಹಾಕೀನ್ರಿ" ಅಂತ ಅತ್ತಳು. ಅಕಿದೇನೂ ತಪ್ಪಿರಲಿಲ್ಲ.

ಬಿಸಲು ಒಂದೇ ಅಲ್ಲ, ಮಣ್ಣೂ ತಪ್ಪಿತ್ತು. ಹೊಲದಿಂದ ಎರಿ ಮಣ್ಣು, ಅಂದ್ರ ಕರಿ ಮಣ್ಣು, ತರಿಸಿ ಹಂಗ ತುಂಬಿದ್ದೆ. ಹೊಲದಾಗ ಅದು ಬಂಗಾರ ನೋಡ್ರಿ, ಆಳದಾಗ ಹಸಿ ಹಿಡ್ಕೊಂಡು ಹಿಂಗಾರಿ ಜ್ವಾಳ, ಕಡ್ಲಿ ಬೆಳಸತೈತಿ, ಆದ್ರ ಪಾಟ್‌ನಾಗ ನೀರು ಬಿದ್ರ ಅಂಟು ಆಗಿ ಬೇರಿಗೆ ಗಾಳಿ ಸಿಗಂಗಿಲ್ಲ, ಒಣಗಿದ್ರ ಬಿರಿ ಬಿಟ್ಟು ಬೇರು ಹರಿತಾವ. ಈಗ ಮಸಾರಿ (ಕೆಂಪು) ಮಣ್ಣು ಎರಡು ಪುಟ್ಟಿ, ಹಳೇ ತಿಪ್ಪಿ ಗೊಬ್ಬರ ಒಂದು ಪುಟ್ಟಿ, ಉಸುಕು ಅರ್ಧ ಪುಟ್ಟಿ ಹಾಕಿ ಕಲಸ್ತೀವಿ, ಅಷ್ಟ ಸಾಕು.

ಉಳಿದ ಎರಿ ಮಣ್ಣು ಮನಿ ಮುಂದ ಗುಡ್ಡಿ ಬಿದ್ದಿತ್ತು. ಅಷ್ಟರಾಗ ಮುಂಗಾರಿ ಮಳಿ ಬಂತು, ಮಣ್ಣೆತ್ತಿನ ಅಮಾವಾಸ್ಯಿ ಬಂತು. ಓಣ್ಯಾಗ ಒಂದೊಂದ ಮನಿಯವರು ಬಂದು "ಅಕ್ಕಾರ, ಎತ್ತು ಮಾಡಾಕ ಒಂದೀಟು ಮಣ್ಣು ಕೊಡ್ರಿ" ಅಂತ ಕೇಳಾಕ ಹತ್ತಿದ್ರು. ಈಗ ಪ್ಯಾಟ್ಯಾಗ ರೆಡಿ ಎತ್ತು ಸಿಗ್ತಾವ, ಆದ್ರೂ ಮಣ್ಣು ಕೇಳಿದ್ರಲ್ಲ ಅಂತ ನನಗ ಭಾಳ ಖುಷಿ ಆತು. ಮನಿಗೆ ಒಯ್ಯಬ್ಯಾಡ್ರಿ, ಇಲ್ಲೇ ಕುಂತು ಮಾಡೋಣು ಬರ್ರಿ ಅಂದೆ. ಆರು ಮನಿ ಮಂದಿ ಕುಂತ್ರು. ಎತ್ತಿನ ಕೋಡು ಹೆಂಗ ನಿಲ್ಲಿಸಬೇಕು, ಇಣಿ ಹೆಂಗ ಎಬ್ಬಿಸಬೇಕು ಅಂತ ಅವ್ವಂದಿರು ಹುಡುಗ್ರಿಗೆ ತೋರಸಾಕ ಹತ್ತಿದ್ರು, ಕೆಲವೊಂದು ಅಪ್ಪಂದಿರು ಇಪ್ಪತ್ತು ಇಪ್ಪತ್ತೈದು ವರ್ಷದ ಮ್ಯಾಲ ಮೊದಲ ಸಲ ಮಣ್ಣು ಮುಟ್ಟಿದ್ರು. ಅವತ್ತ ನನಗ ಗೊತ್ತಾತು, ಹುಡುಗ್ರಿಗೆ ಅಂತ ಬ್ಯಾರೆ ಏನೂ ಮಾಡಬೇಕಾಗಿಲ್ಲ, ಮನಿ ಮಂದಿ ಎಲ್ಲಾ ಕೂಡಿ ಕೂಡ್ರಬೇಕು. ಅದಕ್ಕ ಐತವಾರದ ತೋಟಕ್ಕ ಒಂದ ರೂಲ್ ಮಾಡೀವಿ, ಹುಡುಗ್ರನ್ನ ಬಿಟ್ಟು ಹೋಗಂಗಿಲ್ಲ, ಮನ್ಯಾಗಿನ ದೊಡ್ಡವರು ಒಬ್ಬರು ಜೊತಿಗೆ ಇರಬೇಕು, ಕೈ ಹಚ್ಚಬೇಕು.

ಅದೇ ವಾರ ಪುಂಡಿ ಬಿತ್ತಿದ್ವಿ, ಹುಳಿ ತಪ್ಪಲಿನ ನಾರಿನ ಗಿಡ ಅದು. ಯಾಕ ಪುಂಡಿ ಅಂದ್ರ ಒಂದ ಗಿಡದಾಗ ತೋಟಾನೂ ಐತಿ, ಅಡಗೀನೂ ಐತಿ, ಕೈಕೆಲಸಾನೂ ಐತಿ. ಮನಿ ಹಿಂದಿನ ಖಾಲಿ ಸೈಟ್‌ನಾಗ, ಮಾಲಕರನ್ನ ಕೇಳ್ಕೊಂಡು, ಬೇಲಿ ಗುಂಟ ಒಂದು ಗೇಣಿಗೆ ಒಂದು ಕಾಳು ಹಾಕಿದ್ವಿ. ನಾಲ್ಕೈದು ದಿನಕ್ಕ ಮೊಳಕಿ ಬಂತು, ತಿಂಗಳೊಪ್ಪತ್ತಿನಾಗ ತಪ್ಪಲ ಹರಿಯಾಕ ಬಂತು. ಆ ಐತವಾರ ಜ್ವಾಳದ ನುಚ್ಚು, ತೊಗರಿ ಬ್ಯಾಳಿ, ಹಸಿಮೆಣಸಿನಕಾಯಿ ಹಾಕಿ ಕುದಿಸಿ ಬಳ್ಳೊಳ್ಳಿ ವಗ್ಗರಣಿ ಕೊಟ್ಟು ಪುಂಡಿ ಪಲ್ಯ ಮಾಡಿದ್ವಿ, ರೊಟ್ಟಿ ಎಲ್ಲರೂ ಮನಿಯಿಂದ ತಂದಿದ್ರು. ಕಾಯಿಪಲ್ಯ ಅಂದ್ರ ಮಾರಿ ತಿರುವೂ ಹುಡುಗ್ರೂ ತಾವ ಹರಿದಿದ್ದ ತಪ್ಪಲ ಅಂತ ಎರಡೆರಡು ಸಲ ಹಾಕಿಸ್ಕೊಂಡ್ರು.

ಬದಿಗಿದ್ದ ಗಿಡಗಳನ್ನ ಹಗ್ಗದ ನಾರಿಗೆ ಅಂತ ಕೊಯ್ಯದ ಹಂಗ ಬಿಟ್ವಿ. ಆಳೆತ್ತರ ದಾಟಿ ಬೆಳದ್ವು. ದಸರಾ ಆಸುಪಾಸು ಹೂ ಬಿಟ್ವು, ತೆಳು ಹಳದಿ ಹೂ, ನಡಬರಕ ಕಡುಗೆಂಪು. ನಾರಿಗೆ ಅದೇ ಹದ, ಅದಕ್ಕಿಂತ ತಡ ಮಾಡಿದ್ರ ನಾರು ಬಿರುಸು ಆಗತೈತಿ. ನಾಲ್ಕು ಗಿಡ ಬೀಜಕ್ಕ ಬಿಟ್ಟು ಉಳಿದದ್ದನ್ನ ಬುಡಕ್ಕ ಕೊಯ್ದು ತೊಗಟಿ ಸುಲಿದ್ವಿ. ದಂಟಿಗೆ ಸಣ್ಣ ಮುಳ್ಳು ಇರ್ತಾವ, ಹುಡುಗ್ರ ಕೈಗೆ ಹಳೇ ಬಟ್ಟಿ ಸುತ್ತಿದ್ವಿ. ಇಡೀ ದಂಟು ನೆನಸಾಕ ಹಳ್ಳ ಕೆರಿ ಬೇಕು, ತೊಗಟಿ ಸುಲಿದ್ರ ಒಂದು ಡ್ರಮ್ ಸಾಕು. ಸಿವುಡು ಕಟ್ಟಿ ಮುಳುಗಿಸಿ ಮ್ಯಾಲ ಕಲ್ಲು ಹೇರಿದ್ವಿ. ಡ್ರಮ್ ಬಾಯಿಗೆ ಬಟ್ಟಿ ಬಿಗಿದು ಕಟ್ರಿ, ಇದನ್ನ ಮರೀಬ್ಯಾಡ್ರಿ, ಇಲ್ಲಾಂದ್ರ ಸೊಳ್ಳಿ ತತ್ತಿ ಇಡ್ತಾವ. ವಾಸನಿ ಬರತೈತಿ, ಭಾಳ ಬರತೈತಿ, ಬಾಜು ಮನಿಯವರಿಗೆ ಮೊದಲ ಹೇಳಿ ಇಟ್ಟಿದ್ದೆ. ಹನ್ನೆರಡು ದಿನಕ್ಕ ಬೆರಳಿನಾಗ ತಿಕ್ಕಿದ್ರ ಹಸರು ಜಾರಿ ನಾರು ಎಳಿ ಎಳಿ ಬಿಡಾಕ ಹತ್ತಿತು. ತೊಳದು, ಕಲ್ಲಿಗೆ ಬಡದು, ತಂತಿ ಮ್ಯಾಲ ಒಣಗಿಸಿದಾಗ ಬಂಗಾರದ ಬಣ್ಣ ಬಂದಿತ್ತು.

ಹಗ್ಗ ಹೊಸಿಯಾಕ ನನಗ ಬರತಿದ್ದಿಲ್ಲ. ಮೊಬೈಲ್‌ನಾಗ ವಿಡಿಯೋ ನೋಡಿ ತೋರಸಾಕ ಹತ್ತಿದ್ದೆ, ಎಷ್ಟು ಹೊಸದ್ರೂ ಬಿಚ್ಕೊಂಡು ಹೊಕ್ಕಿತ್ತು. ಒಬ್ಬ ಹುಡುಗನ ಅಜ್ಜ ಅವನ ಜೊತಿ ವಾರಾ ಬಂದು ಕಟ್ಟಿ ಮ್ಯಾಲ ಸುಮ್ಮನ ಕುಂದರತಿದ್ರು, ಅವತ್ತ ಎದ್ದು ಬಂದ್ರು. "ಹಂಗಲ್ಲ ಯವ್ವಾ, ತಾ ಇಲ್ಲಿ" ಅಂದು ನೆಲಕ್ಕ ಕುಂತು, ಧೋತ್ರ ಮ್ಯಾಲ ಸರಿಸಿ, ಅಂಗೈಗೆ ನೀರು ಹಚ್ಕೊಂಡು ಎರಡು ಎಳಿ ತೊಡಿ ಮ್ಯಾಲ ಇಟ್ಟು ಅಂಗೈಲೆ ಮುಂದಕ್ಕ ಒತ್ತಿ ಉರುಳಿಸಿದ್ರು, ಎರಡೂ ಬ್ಯಾರೆ ಬ್ಯಾರೆ ಹುರಿ ಆದ್ವು, ಎರಡನ್ನೂ ಕೂಡಿಸಿ ಹಿಂದಕ್ಕ ಎಳದ್ರು. ಹಗ್ಗ! ಎಳಿ ಮುಗಿಯೋ ಮೊದಲ ಹೊಸ ನಾರು ಸೇರಸ್ತಿದ್ರು, ಎರಡೂ ಒಂದ ಜಾಗದಾಗ ಮುಗೀಬಾರದಂತ, ಮುಗದ್ರ ಅಲ್ಲೇ ಹರಿತೈತಿ.

"ಯಾಕಜ್ಜಾ ಬಿಚ್ಚವಲ್ದು?" ಅಂದ ಮೊಮ್ಮಗ.

"ಎಳಿ ಈ ಕಡೆ ಬಿಚ್ಚಾಕ ನೋಡತೈತಿ ತಮ್ಮಾ, ಹಗ್ಗ ಆ ಕಡೆ ಬಿಚ್ಚಾಕ ನೋಡತೈತಿ. ಒಂದನ್ನೊಂದು ಬಿಡಂಗಿಲ್ಲ."

ಅವತ್ತ ಒಂಬತ್ತಕ್ಕ ಮುಗೀಬೇಕಾದದ್ದು ಹನ್ನೊಂದೂವರಿ ಆತು, ಯಾರೂ ಏಳಲಿಲ್ಲ. ಅಜ್ಜಾರು ಎತ್ತಿಗೆ ಮೂಗದಾಣ ಹೆಂಗ ಮಾಡತಿದ್ರು, ಹಿಂದಕ ಜ್ವಾಳದ ಹೊಲದ ಬದುವಿಗೆ ಸಾಲು ಹಿಡಿದು ಪುಂಡಿ ಯಾಕ ಹಾಕತಿದ್ರು ಎಲ್ಲಾ ಹೇಳಿದ್ರು. ಅವರ ಮಗ, ಹುಡುಗನ ಅಪ್ಪ, ನನ್ನ ಹಂತ್ಯಾಕ ಬಂದು "ಇದನ್ನ ನಾನೂ ಕೇಳಿದ್ದಿಲ್ರಿ" ಅಂದ್ರು.

ಆ ಹಗ್ಗಲೆ ಹೀರಿಕಾಯಿ ಬಳ್ಳಿಗೆ ಚಪ್ಪರ ಕಟ್ಟಿದ್ವಿ. ಬಲಿತ ಹೀರಿಕಾಯಿ ಮೂರು ಬಳ್ಳಿಮ್ಯಾಗ ಒಣಗಾಕ ಬಿಟ್ವಿ, ಸಿಪ್ಪಿ ತೆಗದು ಬೀಜ ಜಾಡಿಸಿದ್ರ ಮೈ ತಿಕ್ಕೋ ಬ್ರಷ್ ಆತು, ಅದಕ್ಕೂ ಪುಂಡಿ ಹಗ್ಗದ ಕುಣಿಕಿ. ಕಿನ್ನಾಳ ನಮಗ ಭಾಳ ದೂರಿಲ್ಲ, ಅಲ್ಲಿ ಚಿತ್ರಗಾರರು ಗೊಂಬಿ ಕೆಲಸಕ್ಕ ಹುಣಸಿ ಬೀಜದ ಅಂಟು ಬಳಸ್ತಾರ, ಅದನ್ನ ನೋಡಿ ನಾವೂ ಬೀಜ ಹುರಿದು, ನೆನಸಿ, ರುಬ್ಬಿ ಕುದಿಸಿ ಅಂಟು ಮಾಡ್ಕೋತೀವಿ, ಬೀಜದ ಪಾಕೀಟು ಅಂಟಸಾಕ ಅದೇ.

ಬಿಟ್ಟಿದ್ದ ನಾಲ್ಕು ಗಿಡದ ಪುಂಡಿ ಬೀಜ ಬೂದಿ ಕಲಸಿ ಡಬ್ಬ್ಯಾಗ ಇಟ್ಟೀನಿ. ಈ ಸಲ ಮಣ್ಣೆತ್ತಿನ ಅಮಾವಾಸ್ಯಿಗೆ ಮನಿಗೊಂದು ಪಾಕೀಟು. ಅಜ್ಜಾರು ಎರಡು ಕೇಳ್ಯಾರ, ಊರಾಗಿನ ಹೊಲದ ಬದುವಿಗೂ ಹಾಕಬೇಕಂತ.