ಎರಡು ಹಿಪ್ ಚಾವಣಿಗಳ ನಡುವೆ 115 ಮಿಲಿಮೀಟರ್

ನಾಲ್ಕೂ ಬದಿಗೆ ಇಳಿಜಾರಿರುವ ಹಿಪ್ ಚಾವಣಿಯನ್ನು ಒಂದೇ ಆಯತದ ಮೇಲೆ ಕೂರಿಸುವುದಾದರೆ ಕಟ್ಟಡದ ಮಾದರಿ ಮಾಡುವ ತಂತ್ರಾಂಶವಾದ ರೆವಿಟ್‌ನಲ್ಲಿ ಅದು ಕೆಲವೇ ನಿಮಿಷಗಳ ಕೆಲಸ. ಆ ಆಯತಕ್ಕೆ ಇನ್ನೊಂದು ಆಯತ ಅಡ್ಡಲಾಗಿ ಬಂದು ಸೇರಿ, ಎರಡರ ಇಳಿಜಾರುಗಳು ವ್ಯಾಲಿಯಲ್ಲಿ, ಅಂದರೆ ಅವುಗಳ ನಡುವಿನ ತಗ್ಗಿನ ಗೆರೆಯಲ್ಲಿ, ಕೂಡಬೇಕಾದಾಗ ಮಾತ್ರ ತೊಡಕು ಶುರುವಾಗುತ್ತದೆ. ನಾನು ಇಂತಹ ಮಾದರಿಯನ್ನು ಮೊದಲ ಸಲ ಮಾಡಿದಾಗ ಎರಡು ದಿನ ವ್ಯರ್ಥವಾಯಿತು. ತಪ್ಪೆಲ್ಲವೂ ನನ್ನದೇ, ಮತ್ತು ಅದು ಇದ್ದದ್ದು ನಾನು ಹುಡುಕುತ್ತಿದ್ದ ರಿಡ್ಜ್‌ನಲ್ಲಲ್ಲ (ಚಾವಣಿಯ ನೆತ್ತಿಯ ಗೆರೆ), ಕೆಳಗಿನ ಸೂರಿನಲ್ಲಿ.

ಕಟ್ಟಡದ ಮುಖ್ಯ ಭಾಗ 15 ಮೀಟರ್ ಉದ್ದ, 9 ಮೀಟರ್ ಅಗಲವಿತ್ತು. ಅದರ ಉದ್ದನೆಯ ಬದಿಯ ನಡುವಿನಿಂದ 6 ಮೀಟರ್ ಅಗಲದ ವಿಂಗ್ ಒಂದು 5 ಮೀಟರ್ ಹೊರಕ್ಕೆ ಬಂದಿತ್ತು. ಎಲ್ಲ ಇಳಿಜಾರುಗಳೂ 30 ಡಿಗ್ರಿ, ಗೋಡೆಗಳ ದಪ್ಪ 200 ಮಿಲಿಮೀಟರ್, ಸೂರು ಗೋಡೆಯಿಂದ ಹೊರಕ್ಕೆ ಚಾಚಿದ್ದು 600 ಮಿಲಿಮೀಟರ್. ನಾನು ಮುಖ್ಯ ಚಾವಣಿಯನ್ನು ಒಂದು ದಿನ ಮಾಡಿದೆ, ವಿಂಗ್‌ನದನ್ನು ಮರುದಿನ ಬೇರೆಯಾಗಿ ಮಾಡಿ, ಜಾಯಿನ್ ರೂಫ್ ಆಜ್ಞೆಯಿಂದ ಎರಡನ್ನೂ ಬೆಸೆಯಬಹುದೆಂದು ಎಣಿಸಿದೆ. ವಿಂಗ್‌ನ ನಾಲ್ಕೂ ಅಂಚುಗಳಿಗೆ ಇಳಿಜಾರು ಕೊಟ್ಟಿದ್ದರಿಂದ ಅದರ ಒಳತುದಿಯಲ್ಲಿಯೂ ಹಿಪ್, ಅಂದರೆ ಮೂಲೆಯಿಂದ ಓರೆಯಾಗಿ ಏರುವ ಏಣು, ಹುಟ್ಟಿತ್ತು. ಮುಖ್ಯ ಚಾವಣಿಯತ್ತ ಸಾಗಬೇಕಾದ ರಿಡ್ಜ್ ಅಲ್ಲಿಯೇ ಕೆಳಗೆ ಇಳಿದುಹೋಗುವಾಗ ಬೆಸೆಯಲು ಏನು ಉಳಿಯುತ್ತದೆ? ಒಳತುದಿಯ ಅಂಚಿಗೆ ಇಳಿಜಾರಿನ ಗುರುತನ್ನು ತೆಗೆದುಹಾಕಿದ ಮೇಲೆ ಆ ತುದಿ ನೇರ ಕತ್ತರಿಸಿದಂತಾಯಿತು. ಆಗ ಅದರ ಅಂಚನ್ನೂ ಮುಖ್ಯ ಚಾವಣಿಯ ಮುಖವನ್ನೂ ಕ್ರಮವಾಗಿ ಆರಿಸಿದರೆ ವಿಂಗ್ ಮುಂದಕ್ಕೆ ಬೆಳೆದು ಮುಖ್ಯ ಇಳಿಜಾರಿಗೆ ತಾಗಿತು. ದೂರದಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು.

ಹತ್ತಿರದಿಂದ ನೋಡಿದಾಗ ಹಾಗಿರಲಿಲ್ಲ. ಎಲಿವೇಶನ್‌ನಲ್ಲಿ, ಅಂದರೆ ಕಟ್ಟಡದ ಎದುರುನೋಟದಲ್ಲಿ, ಎರಡೂ ಸೂರುಗಳ ಫೇಶಿಯಾ (ಸೂರಿನ ಅಂಚಿನ ಪಟ್ಟಿ) ಸೇರುವ ಮೂಲೆಯನ್ನು ದೊಡ್ಡದು ಮಾಡಿದಾಗ ವಿಂಗ್‌ನ ಫೇಶಿಯಾ ಒಂದು ಮೆಟ್ಟಿಲಿನಷ್ಟು ಕೆಳಗಿತ್ತು. ಅಳೆದರೆ 115 ಮಿಲಿಮೀಟರ್. ಮೇಲಿನಿಂದ ನೋಡಿದರೆ ವ್ಯಾಲಿಯು ಸೂರಿನ ಒಳಮೂಲೆಯಿಂದ ಹೊರಡದೆ 200 ಮಿಲಿಮೀಟರ್ ಸರಿದು ಹೊರಟಿತ್ತು. ಎರಡೂ ಚಾವಣಿಗಳು ಒಂದೇ ಲೆವೆಲ್‌ಗೆ (ಎತ್ತರದ ಗುರುತಿಗೆ) ಸೇರಿದ್ದವು, ಇಳಿಜಾರೂ ಒಂದೇ ಆಗಿತ್ತು. ಹಾಗಾಗಿ ನಾನು ಇಡೀ ಮಧ್ಯಾಹ್ನವನ್ನು ಜಾಯಿನ್ ಆಜ್ಞೆಯನ್ನು ಬಿಡಿಸಿ ಮತ್ತೆ ಹಾಕುವುದರಲ್ಲಿ ಕಳೆದೆ.

ಸುಳಿವು ಸಿಕ್ಕಿದ್ದು 200 ಎಂಬ ಅಂಕಿಯಿಂದ, ಏಕೆಂದರೆ ಅದು ಗೋಡೆಯ ದಪ್ಪವೇ ಆಗಿತ್ತು. 30 ಡಿಗ್ರಿ ಇಳಿಜಾರಿನಲ್ಲಿ ಒಂದು ಮೀಟರ್ ಒಳಸರಿದರೆ 577 ಮಿಲಿಮೀಟರ್ ಏರುತ್ತೇವೆ. 200 ಮಿಲಿಮೀಟರ್ ಒಳಸರಿದರೆ ಏರುವುದು ಸರಿಯಾಗಿ 115. ಗೋಡೆಗಳನ್ನು ಆರಿಸಿ ಚಾವಣಿಯ ಗಡಿರೇಖೆಯನ್ನು ಹಾಕುವಾಗ ಸೂರಿನ ಎತ್ತರವನ್ನು ಗೋಡೆಯ ಯಾವ ಮುಖದಿಂದ ಲೆಕ್ಕ ಹಾಕಬೇಕೆಂಬುದನ್ನು ರೆವಿಟ್‌ನ ಒಂದು ಆಯ್ಕೆ ನಿರ್ಧರಿಸುತ್ತದೆ: ಟ್ರಸ್ ಎಂದಿದ್ದರೆ ಹೊರಮುಖದಿಂದ, ರಾಫ್ಟರ್ ಎಂದಿದ್ದರೆ ಒಳಮುಖದಿಂದ. ಮುಖ್ಯ ಚಾವಣಿ ಟ್ರಸ್ ಆಗಿತ್ತು, ವಿಂಗ್ ರಾಫ್ಟರ್ ಆಗಿತ್ತು. ಆಯ್ಕೆಯನ್ನು ಒಂದೇ ಮಾಡಿದ ಕೂಡಲೇ ಫೇಶಿಯಾ ಸಮನಾಯಿತು ಮತ್ತು ವ್ಯಾಲಿ ತನ್ನ ಮೂಲೆಗೆ ಮರಳಿತು. ಬೇರೆ ಬೇರೆ ದಿನ ಮಾಡಿದ ಎರಡು ಚಾವಣಿಗಳನ್ನು ಬೆಸೆಯುವ ಮೊದಲು ಈಗ ನಾನು ನೋಡುವುದು ಇದೊಂದನ್ನೇ.

ಇಷ್ಟಾದರೂ ಇನ್ನೊಂದು ದೋಷ ಉಳಿದಿತ್ತು, ಅದು ಚಿತ್ರದಲ್ಲಿ ಕಣ್ಣಿಗೆ ಬೀಳದೆ ವಿಸ್ತೀರ್ಣದ ಪಟ್ಟಿಯಲ್ಲಿ ಸಿಕ್ಕಿಬಿತ್ತು. ಎಲ್ಲ ಮುಖಗಳ ಇಳಿಜಾರು ಒಂದೇ ಆಗಿದ್ದರೆ ಚಾವಣಿಯ ಆಕಾರ ಎಷ್ಟೇ ಜಟಿಲವಾಗಿರಲಿ, ಅದರ ನಿಜವಾದ ವಿಸ್ತೀರ್ಣವೆಂದರೆ ಪ್ಲಾನ್‌ನಲ್ಲಿ, ಅಂದರೆ ನೇರ ಮೇಲಿನಿಂದ, ಕಾಣುವ ವಿಸ್ತೀರ್ಣವನ್ನು ಇಳಿಜಾರಿನ ಕೊಸೈನ್‌ನಿಂದ ಭಾಗಿಸಿದಷ್ಟು. ಸೂರು ಸೇರಿ ನನ್ನ ಪ್ಲಾನ್ 201 ಚದರ ಮೀಟರ್ ಇತ್ತು, 0.866ರಿಂದ ಭಾಗಿಸಿದರೆ ಸುಮಾರು 232 ಬರಬೇಕು. ಪಟ್ಟಿ 247 ಎನ್ನುತ್ತಿತ್ತು. ಜಾಯಿನ್ ಆಜ್ಞೆ ವಿಂಗ್ ಅನ್ನು ಉದ್ದ ಮಾಡುತ್ತದೆಯೇ ಹೊರತು ಅದರ ಅಡಿಗೆ ಹೋಗುವ ಮುಖ್ಯ ಚಾವಣಿಯ ಭಾಗವನ್ನು ಕತ್ತರಿಸುವುದಿಲ್ಲ. ಎರಡು ವ್ಯಾಲಿಗಳ ನಡುವಿನ ತ್ರಿಕೋನದಲ್ಲಿ ಚಾವಣಿ ಎರಡು ಪದರವಾಗಿ ಕುಳಿತಿತ್ತು, ಆ 15 ಚದರ ಮೀಟರ್ ಹೆಂಚಿನ ಲೆಕ್ಕದಲ್ಲಿಯೂ ಸೇರಿಹೋಗುತ್ತಿತ್ತು. ಡಾರ್ಮರ್ ಓಪನಿಂಗ್ ಆಜ್ಞೆಯಿಂದ ಆ ತ್ರಿಕೋನವನ್ನು ತೆರೆಯಬಹುದು. ಆದರೆ ಕೆಳಪದರವನ್ನು ಹಾಗೆಯೇ ಬಿಟ್ಟು ಅದರ ಮೇಲೆ ವಿಂಗ್‌ನ ಚೌಕಟ್ಟನ್ನು ಕೂರಿಸುವ ನಿರ್ಮಾಣ ಕ್ರಮವೂ ಇರುವುದರಿಂದ ಕತ್ತರಿಸುವ ಮೊದಲು ಅದನ್ನು ಕೇಳಿಕೊಳ್ಳಬೇಕು.

ಕೊನೆಗೆ ನಾನು ಎರಡೂ ಚಾವಣಿಗಳನ್ನು ಅಳಿಸಿ, ಎಂಟು ಗೆರೆಗಳ ಒಂದೇ ಗಡಿರೇಖೆಯಾಗಿ ಮತ್ತೆ ಬರೆದೆ. ಎಲ್ಲ ಗೆರೆಗಳಿಗೂ ಒಂದೇ ಇಳಿಜಾರು ಕೊಟ್ಟಾಗ ಹಿಪ್, ವ್ಯಾಲಿ, ರಿಡ್ಜ್ ಎಲ್ಲವನ್ನೂ ತಂತ್ರಾಂಶವೇ ಹುಡುಕಿಕೊಂಡಿತು, ಬೆಸೆಯುವ ಪ್ರಶ್ನೆಯೇ ಏಳಲಿಲ್ಲ. ಗೋಡೆಯ ಎತ್ತರವೂ ಇಳಿಜಾರೂ ಒಂದೇ ಇರುವಲ್ಲಿ ಎರಡು ಚಾವಣಿಗಳನ್ನು ಬೇರೆಯಾಗಿ ಮಾಡುವುದಕ್ಕೆ ನನಗೆ ಈಗ ಯಾವ ಕಾರಣವೂ ಕಾಣುವುದಿಲ್ಲ. ಫಲಿತಾಂಶವನ್ನು ಪರೀಕ್ಷಿಸುವುದೂ ಸುಲಭ: 90 ಡಿಗ್ರಿಯ ಮೂಲೆಗಳಲ್ಲಿ ಹಿಪ್ ಮತ್ತು ವ್ಯಾಲಿ ಪ್ಲಾನ್‌ನಲ್ಲಿ 45 ಡಿಗ್ರಿ ಇರಬೇಕು, ವಿಂಗ್‌ನ ರಿಡ್ಜ್ ಮುಖ್ಯ ಗೋಡೆಯನ್ನು ದಾಟಿ ತನ್ನ ಅಗಲದ ಅರ್ಧದಷ್ಟು, ಅಂದರೆ 3 ಮೀಟರ್ ಒಳಗೆ ಹೋಗಿ ನಿಲ್ಲಬೇಕು. ಮೊದಲ ಮಾದರಿಯಲ್ಲಿ ಅದು 2.8 ಮೀಟರ್‌ಗೇ ನಿಂತಿತ್ತು. ಆಗಲೇ ಅಳೆದಿದ್ದರೆ ಒಂದು ಮಧ್ಯಾಹ್ನ ಉಳಿಯುತ್ತಿತ್ತು.

ವಿಂಗ್‌ಗೆ ಬೇರೆ ಇಳಿಜಾರು ಬೇಕಾದರೆ 45 ಡಿಗ್ರಿಯ ನಿಯಮ ನಡೆಯುವುದಿಲ್ಲ. ವಿಂಗ್ 40 ಡಿಗ್ರಿಯಾಗಿ ಸೂರಿನ ಚಾಚು 600 ಆಗಿಯೇ ಉಳಿದರೆ ಅದರ ಫೇಶಿಯಾ ಮತ್ತೆ ಕೆಳಗಿಳಿಯುತ್ತದೆ. ಸಮನಾಗಿರಬೇಕೆಂದರೆ ಚಾಚನ್ನು ಸುಮಾರು 413 ಮಿಲಿಮೀಟರ್‌ಗೆ ಇಳಿಸಬೇಕು. ಸೂರುಗಳನ್ನು ಸಮ ಮಾಡುವ ಅಲೈನ್ ಈವ್ಸ್ ಆಜ್ಞೆಯಲ್ಲಿ ಎತ್ತರವನ್ನು ಬದಲಿಸಬೇಕೋ ಚಾಚನ್ನು ಬದಲಿಸಬೇಕೋ ಎಂದು ನಾವೇ ಹೇಳಬಹುದು. ನಾನು ಸಾಮಾನ್ಯವಾಗಿ ಚಾಚನ್ನೇ ಬದಲಿಸುತ್ತೇನೆ, ಏಕೆಂದರೆ ಎತ್ತರವನ್ನು ಮುಟ್ಟಿದರೆ ಗೋಡೆಯ ತಲೆಯ ವಿವರಗಳೆಲ್ಲ ಬದಲಾಗುತ್ತವೆ.

ಎರಡು ಚಾವಣಿಗಳು ನಿಜವಾಗಿಯೂ ಬೇಕಾಗಿ ಬಂದದ್ದು ನಂತರ, ವಿಂಗ್‌ನ ಗೋಡೆಯನ್ನು 600 ಮಿಲಿಮೀಟರ್ ತಗ್ಗಿಸಬೇಕೆಂದು ತೀರ್ಮಾನವಾದಾಗ. ಆಗ ವಿಂಗ್‌ನ ರಿಡ್ಜ್ ಒಳಗೆ ಹೋಗುವ ದೂರ 3 ಮೀಟರ್‌ನಿಂದ 1.96ಕ್ಕೆ ಇಳಿಯಿತು. ವ್ಯಾಲಿಯು ಮೂಲೆಯಿಂದ ಹೊರಡುವ ಬದಲು, ಮುಖ್ಯ ಸೂರಿನ ಅಂಚು ವಿಂಗ್‌ನ ಇಳಿಜಾರನ್ನು ತಾಗುವ ಜಾಗದಿಂದ, ಅಂದರೆ ವಿಂಗ್‌ನ ಗೋಡೆಗೆರೆಗಿಂತ ಸುಮಾರು 440 ಮಿಲಿಮೀಟರ್ ಒಳಗಿನಿಂದ ಹೊರಟಿತು. ಅದಕ್ಕಿಂತ ಕೆಳಗೆ, ಮುಖ್ಯ ಸೂರಿನ ಅಡಿಯಲ್ಲಿ, ವಿಂಗ್‌ನ ಚಾವಣಿ ನೇರವಾಗಿ ಗೋಡೆಗೆ ಒರಗುತ್ತದೆ. ಈ ಸಲ ಜಾಯಿನ್ ಮಾಡಿ, ತ್ರಿಕೋನವನ್ನು ತೆರೆದು, ಆ ಒರಗುವ ಗೆರೆಯ ಉದ್ದಕ್ಕೂ ನೀರು ಒಳನುಗ್ಗದಂತೆ ಹಾಕುವ ಫ್ಲ್ಯಾಶಿಂಗ್ ತಗಡಿಗೆ ಪ್ರತ್ಯೇಕ ವಿವರಚಿತ್ರವನ್ನು ಬರೆದುಕೊಟ್ಟೆ.