ಪಂಪ್‌ಸೆಟ್ ಪೆಟ್ರೋಲ್ ಪೈಪ್: ಅಂಗಡಿಗೆ ಹೋಗುವ ಮೊದಲು ನಿಪ್ಪಲ್ ಅಳೆಯಿರಿ

ಐದು ಎಚ್‌ಪಿ ಪೆಟ್ರೋಲ್ ಪಂಪ್‌ಸೆಟ್‌ನ ಟ್ಯಾಂಕ್‌ನಿಂದ ಕಾರ್ಬುರೇಟರ್‌ಗೆ ಇಳಿಯುವ ಪೈಪ್ ಒಂದು ಗೇಣಿನಷ್ಟೂ ಇರುವುದಿಲ್ಲ. ಕಂಪನಿಯ ಪೈಪ್ ಸಿಗದಿದ್ದಾಗ ಬೈಕ್‌ನ ಪೈಪ್ ತುಂಡು ತಂದು ತೂರಿಸಿ, ಕಟ್ಟುತಂತಿ ಬಿಗಿಯುವುದು ರೂಢಿ. ಕೆಲವೇ ದಿನಗಳಲ್ಲಿ ಜಿನುಗು ಶುರು. ಹೆಚ್ಚಿನ ಸಲ ಪೈಪಿನದೇನೂ ತಪ್ಪಿರುವುದಿಲ್ಲ, ಅದು ಕೂತ ನಿಪ್ಪಲ್‌ಗೆ, ಅಂದರೆ ಪೈಪ್ ತೂರಿಸುವ ಮೂತಿಗೆ, ಅಳತೆ ಹೊಂದಿರುವುದಿಲ್ಲ, ಅಷ್ಟೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಯಲಿನಲ್ಲಿಟ್ಟು ಕೆಲಸಕ್ಕೆ ಕೂರಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮಟ್ಟದಲ್ಲೇ ಹರಿದು ದೂರದ ಬೆಂಕಿಯನ್ನೂ ಮುಟ್ಟುತ್ತದೆ. ಟ್ಯಾಂಕ್ ಬುಡದ ಕಾಕ್ (ಪೆಟ್ರೋಲ್ ನಲ್ಲಿ) ಮುಚ್ಚಿ. ಕಾಕ್ ಇಲ್ಲದಿದ್ದರೆ ಟ್ಯಾಂಕ್ ಖಾಲಿ ಮಾಡಿ. ಹಳೆ ಪೈಪನ್ನು ಪ್ಲೈಯರ್‌ನಿಂದ ಎಳೆಯಬೇಡಿ, ಪ್ಲಾಸ್ಟಿಕ್ ನಿಪ್ಪಲ್ ಬುಡಕ್ಕೇ ಮುರಿಯುತ್ತದೆ. ಬ್ಲೇಡಿನಿಂದ ಪೈಪನ್ನು ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಬಿಡಿಸಿ. ಬ್ಲೇಡ್ ನಿಪ್ಪಲ್‌ಗೆ ಗೀರು ಹಾಕದಿರಲಿ. ಆ ಗೀರಿನಲ್ಲೇ ಮುಂದೆ ಪೆಟ್ರೋಲ್ ಜಿನುಗುವುದು.

ಈಗ ಅಳತೆ. ನಿಪ್ಪಲ್‌ನ ಉಬ್ಬಿದ ಏಣಿನ ಹೊರವ್ಯಾಸವನ್ನು ವರ್ನಿಯರ್ ಅಳತೆಗೋಲಿನಲ್ಲಿ ನೋಡಿ. ಪೈಪಿನ ಒಳವ್ಯಾಸ ಅದಕ್ಕಿಂತ ಅರ್ಧದಿಂದ ಒಂದು ಮಿ.ಮೀ. ಕಡಿಮೆ ಇರಬೇಕು. ಪೈಪಿನ ತೂತನ್ನು ಅಳೆಯಲು ಡ್ರಿಲ್ ಬಿಟ್‌ನ ಹಿಂತುದಿ ಸಾಕು: 5 ಮಿ.ಮೀ. ಬಿಟ್ ಬಿಗಿಯಾಗಿ ಹೋದರೆ ಅದು 5ರ ಪೈಪ್. ಕಾಲಿಂಚು ಎಂದರೆ 6.35 ಮಿ.ಮೀ.; ಅದನ್ನೇ 6 ಎಂದು ಕೊಡುವವರಿದ್ದಾರೆ. ಒಣಗಿದ ನಿಪ್ಪಲ್ ಮೇಲೆ ಪೈಪ್ ಸಲೀಸಾಗಿ ಜಾರಿದರೆ ವಾಪಸ್ ಕೊಡಿ. ಎಂಥ ಕ್ಲಿಪ್ ಹಾಕಿದರೂ ಅದು ನಿಲ್ಲುವುದಿಲ್ಲ.

ಕಾಕ್ ಕಡೆ 6, ಕಾರ್ಬುರೇಟರ್ ಕಡೆ 4.5 ಇದ್ದರೆ? ದೊಡ್ಡ ಪೈಪನ್ನು ಚಿಕ್ಕ ನಿಪ್ಪಲ್‌ಗೆ ಹಿಂಡುವ ಬದಲು ಎರಡು ಅಳತೆಯ ಹಿತ್ತಾಳೆ ಜಾಯಿಂಟರ್ ಹಾಕಿ, ಎರಡೂ ಕಡೆ ಅದರದರ ಪೈಪ್ ಕೊಡಿ. ತೂತು ಸಣ್ಣದಾಯಿತೆಂಬ ಭಯ ಬೇಡ. ಈ ಗಾತ್ರದ ಎಂಜಿನ್ ಪೂರ್ತಿ ಹೊರೆಯಲ್ಲಿ ಗಂಟೆಗೆ ಒಂದೂವರೆ ಲೀಟರ್‌ನಷ್ಟು ಕುಡಿಯುತ್ತದೆ, ಅಂದರೆ ನಿಮಿಷಕ್ಕೆ 25 ಮಿ.ಲೀ. ಜೋಡಣೆ ಮುಗಿಸಿ, ಕಾರ್ಬುರೇಟರ್ ತುದಿಯನ್ನು ಅದೇ ಎತ್ತರದಲ್ಲಿ ಹಿಡಿದು ಬಾಟಲಿಗೆ ಬಿಡಿ: ನಿಮಿಷಕ್ಕೆ 100 ಮಿ.ಲೀ. ಬಂದರೆ ಧಾರಾಳ. ಬರದಿದ್ದರೆ ಮೊದಲು ಫಿಲ್ಟರ್ ನೋಡಿ. ಕಾರಿನ ಕಾಗದದ ಫಿಲ್ಟರ್ ಕಾರಿನೊಳಗಿನ ಇಂಧನ ಪಂಪಿನ ಒತ್ತಡಕ್ಕೆ ಮಾಡಿದ್ದು. ಟ್ಯಾಂಕ್ ಎತ್ತರದಿಂದ ತಾನಾಗಿ ಇಳಿಯುವ ಪೆಟ್ರೋಲ್‌ಗೆ ಜಾಲರಿ ಫಿಲ್ಟರೇ ಸರಿ. ಪೈಪ್ ಎಲ್ಲೂ ಮೇಲಕ್ಕೆ ಕಮಾನಾಗಬಾರದು, ಗಾಳಿ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಕಾಕ್ ಬದಲಿಸುವವರಿಗೆ ಒಂದು ಮಾತು. ಹಾರ್ಡ್‌ವೇರ್ ಅಂಗಡಿಯ ಅರ್ಧಪಾವು (1/8) ಇಂಚಿನ ಬಿಎಸ್‌ಪಿ ಮರೆ, ಅಂದರೆ ಬ್ರಿಟಿಷ್ ಪೈಪ್ ಅಳತೆಯ ತಿರುಪಿನ ಸುತ್ತು, 9.73 ಮಿ.ಮೀ. ದಪ್ಪ, ಒಂದು ಸುತ್ತಿಗೆ 0.907 ಮಿ.ಮೀ. ಇಳಿಯುತ್ತದೆ. ಟ್ಯಾಂಕ್‌ನದು ಎಂ10 (10 ಮಿ.ಮೀ. ದಪ್ಪದ ಮರೆ) ಆಗಿದ್ದು, ಸುತ್ತಿಗೆ 1 ಮಿ.ಮೀ. ಇಳಿಯುವಂಥದಾದರೆ ಕಣ್ಣಿಗೆ ಎರಡೂ ಒಂದೇ. ಎರಡು ಮೂರು ಸುತ್ತು ಕೈಯಲ್ಲೇ ಹೋಗುತ್ತದೆ, ಆಮೇಲೆ ಕಚ್ಚುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿದರೆ ಟ್ಯಾಂಕ್‌ನ ಮರೆ ಹಾಳು. ಟೆಫ್ಲಾನ್ ಟೇಪ್ ಸುತ್ತಿ ಸುಧಾರಿಸಲೂ ಹೋಗಬೇಡಿ. ಅದರ ಎಳೆ ಕಳಚಿ ಕಾರ್ಬುರೇಟರ್‌ನ ಸಣ್ಣ ತೂತಾದ ಜೆಟ್‌ನಲ್ಲಿ ಕೂರುತ್ತದೆ.

ಪೈಪ್ ಯಾವುದು? ಪಾರದರ್ಶಕ ಲೆವೆಲ್ ಪೈಪ್ ಅಗ್ಗ, ಪೆಟ್ರೋಲ್ ಕಾಣುತ್ತದೆ, ಆದರೆ ಅದನ್ನು ಮೆದುವಾಗಿಡುವ ಅಂಶವನ್ನೇ ಪೆಟ್ರೋಲ್ ಹೀರಿ, ಕೊನೆಗೆ ಕಡ್ಡಿಯಂತೆ ಸೆಟೆದು ಬಿರುಕುಬಿಡುತ್ತದೆ. ಸಿಲಿಕಾನ್ ಪೈಪ್ ಉಬ್ಬುತ್ತದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್‌ಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಬಂಕ್‌ಗಳಲ್ಲಿ ಹೆಚ್ಚಾಗಿ ಅದೇ. ಅದಕ್ಕಿಂತ ಹಿಂದಿನ ಯಂತ್ರಗಳ ರಬ್ಬರ್‌ಗೆ ಇದು ಒಗ್ಗಬೇಕೆಂದಿಲ್ಲ. ಮೈಮೇಲೆ ‘ಎಸ್‌ಎಇ ಜೆ30 ಆರ್7’ ಅಥವಾ ‘ಆರ್9’ ಎಂಬ ಇಂಧನ ಪೈಪಿನ ಗುಣಮಟ್ಟದ ಗುರುತು ಅಚ್ಚಾದ ಪೈಪ್ ಕೇಳಿ. ಆರ್9 ದುಬಾರಿ, ಎಥೆನಾಲ್‌ಗೆ ಹೆಚ್ಚು ತಡೆಯುತ್ತದೆ. ಬೇಕಾಗಿರುವುದು ಒಂದು ತುಂಡು ತಾನೆ, ಅದನ್ನೇ ಕೊಳ್ಳಿ.

ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಗರಗಸ ಬೇಡ, ರಬ್ಬರ್ ಪುಡಿ ಒಳಗೆ ಉಳಿಯುತ್ತದೆ. ತುದಿಯನ್ನು ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಬುಡದವರೆಗೆ ತಳ್ಳಿ. ಕ್ಲಿಪ್ ಕೂರಬೇಕಾದದ್ದು ಉಬ್ಬಿನ ಮೇಲಲ್ಲ, ಅದರ ಹಿಂದೆ, ಪೈಪಿನ ತುದಿಯಿಂದ ಎರಡು ಮೂರು ಮಿ.ಮೀ. ಒಳಗೆ. ಈ ಗಾತ್ರಕ್ಕೆ ಸ್ಪ್ರಿಂಗ್ ಕ್ಲಿಪ್ ಚೆನ್ನ. ಸ್ಕ್ರೂ ಇರುವ ಹಲ್ಲಿನ ಕ್ಲಿಪ್ ಸಣ್ಣ ಪೈಪ್ ಮೇಲೆ ದುಂಡಗೆ ಕೂರದೆ ಒಂದು ಕಡೆ ಕೊರೆಯುತ್ತದೆ, ಕಟ್ಟುತಂತಿಯದೂ ಅದೇ ಕಥೆ. ಸೈಲೆನ್ಸರ್‌ನಿಂದ ಕನಿಷ್ಠ ಐದು ಸೆಂ.ಮೀ. ದೂರವಿರಲಿ. ಕೆಳಗೆ ಪತ್ರಿಕೆಯ ಹಾಳೆ ಹಾಸಿ, ಕಾಕ್ ತೆರೆದು ಹತ್ತು ನಿಮಿಷ ಬಿಡಿ. ಕಲೆ ಬೀಳದಿದ್ದರೆ ಹಾಳೆ ತೆಗೆದು, ಎಂಜಿನ್ ಓಡಿಸಿ, ಬಿಸಿಯಾದ ಮೇಲೆ ಇನ್ನೊಮ್ಮೆ ಜೋಡಣೆಗಳನ್ನು ನೋಡಿ.

ಕಳೆ ಕತ್ತರಿಸುವ ಟೂ ಸ್ಟ್ರೋಕ್ ಯಂತ್ರದಲ್ಲಿ ಲೆಕ್ಕ ಬೇರೆ. ಅಲ್ಲಿ ಕಾರ್ಬುರೇಟರೇ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಪೈಪ್ ಬಿರಿದರೂ ಹನಿ ಬೀಳದಿರಬಹುದು, ಬದಲಿಗೆ ಗಾಳಿ ಒಳಹೋಗಿ ಎಂಜಿನ್ ಹುಚ್ಚುಹುಚ್ಚಾಗಿ ಏರಿ ಬಿಸಿಯಾಗುತ್ತದೆ. ಆಯಿಲ್ ಪೆಟ್ರೋಲ್ ಜೊತೆಗೇ ಬರುವುದರಿಂದ ಅದೂ ಕಡಿಮೆಯಾಗಿ, ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಳ್ಳುವ ಅಪಾಯವೂ ಇದೆ. ಅಲ್ಲಿ ಪೈಪ್ ಬಿಚ್ಚಿ, ಒಂದು ತುದಿ ಬೆರಳಲ್ಲಿ ಮುಚ್ಚಿ, ನೀರಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಸಿರಿಂಜ್‌ನಲ್ಲಿ ಗಾಳಿ ಒತ್ತಿ. ಗುಳ್ಳೆ ಎದ್ದರೆ ಪೈಪ್ ಬದಲಿಸಿ. ಏಳದಿದ್ದರೆ ಪೂರ್ತಿ ಒಣಗಿಸಿ ಹಾಕಿ, ಟ್ಯಾಂಕ್‌ಗೆ ಪೈಪ್ ತೂರುವ ರಬ್ಬರ್ ಬುಷ್ ಪರೀಕ್ಷಿಸಿ.